ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ರಜೆಯ ಫೀಸು ಲೆಕ್ಕ ಹಾಕುವುದು ಹೇಗೆ? ಕಾಸರಗೋಡು ಕಡೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಏಪ್ರಿಲ್ ಬಂತು ಅಂದರೆ ನಮ್ಮಂಥವರಿಗೆ ಒಂದು ಅಳುಕು. ಶಾಲೆಗೆ ರಜೆ. ಟೀಚರ್ ಅಮ್ಮಂದಿರು ಮನೆಯಲ್ಲೇ ಇರುತ್ತಾರೆ. ಗಲ್ಫಿನಿಂದ ಅಪ್ಪಂದಿರು ಊರಿಗೆ ಬರುತ್ತಾರೆ. "ಅಕ್ಕಾ, ಈ ತಿಂಗಳು ಮಗು ಬರುವುದಿಲ್ಲ, ಜೂನಿನಲ್ಲಿ ಕಳಿಸ್ತೇವೆ" ಅಂತ ಒಂದು ಫೋನು. ಮಕ್ಕಳು ಬರದಿದ್ದರೂ ಕರೆಂಟ್ ಬಿಲ್ಲು ಬರುತ್ತದೆ, ಮನೆಸಾಮಾನು ಬೇಕಾಗುತ್ತದೆ, ಸಹಾಯಕ್ಕೆ ಬರುವವಳಿಗೆ ಸಂಬಳ ಕೊಡಬೇಕು.

ನಾನು ಬದಿಯಡ್ಕದ ಹತ್ತಿರ ನಮ್ಮ ಮನೆಯಲ್ಲೇ ಎಂಟು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ಮೊದಲ ವರ್ಷ ನಾಲ್ಕು ಮಕ್ಕಳಿದ್ದರು. ಬಂದ ದಿನಕ್ಕೆ ಮಾತ್ರ ದುಡ್ಡು ಅಂತ ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದೆ. ಏಪ್ರಿಲಿನಲ್ಲಿ ಮೂವರು ಬರುವುದು ನಿಲ್ಲಿಸಿದರು. ಆ ಎರಡು ತಿಂಗಳಲ್ಲಿ ಬೇರೆ ಎರಡು ಮನೆಯವರು ಬಂದು ಜಾಗ ಇದೆಯಾ ಅಂತ ಕೇಳಿದ್ದರು. ಜೂನಿನಲ್ಲಿ ಹಳೆಯ ಮಕ್ಕಳು ಬರುತ್ತಾರಲ್ಲ ಅಂತ ನಾನೇ ಇಲ್ಲ ಅಂದೆ. ಅಂದರೆ ಆ ಮೂವರ ಜಾಗವನ್ನು ಎರಡು ತಿಂಗಳು ಪುಕ್ಕಟೆ ಕಾದಿಟ್ಟೆ. ಆ ಬೇಸಗೆಯಲ್ಲಿ ನನಗೆ ಈ ಕೆಲಸದ ಲೆಕ್ಕ ಅರ್ಥವಾಯಿತು. ಹೊಸದಾಗಿ ಶುರು ಮಾಡುವವರಿಗೆ ಆ ನಷ್ಟ ಆಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿದುಕೊಳ್ಳಬೇಕಾದದ್ದು: ನಾವು ಮಾರುವುದು ಜಾಗ

ನಮ್ಮ ಮನೆಯಲ್ಲಿ ಇಷ್ಟೇ ಮಕ್ಕಳನ್ನು ಸರಿಯಾಗಿ ನೋಡಿಕೊಳ್ಳಬಹುದು ಅಂತ ಒಂದು ಮಿತಿ ಇದೆ ಅಲ್ವಾ? ನನಗೆ ಅದು ನಾಲ್ಕು. ಅದರಲ್ಲಿ ಕೈಕೂಸು ಒಂದಕ್ಕಿಂತ ಜಾಸ್ತಿ ಬೇಡ. ಒಂದು ಮಗುವಿಗೆ ಜಾಗ ಕೊಟ್ಟರೆ ಅದನ್ನು ಇನ್ನೊಬ್ಬರಿಗೆ ಕೊಡಲು ಆಗುವುದಿಲ್ಲ. ಮಗು ಅಜ್ಜಿಮನೆಗೆ ಹೋದ ವಾರದಲ್ಲಿ ಆ ಜಾಗಕ್ಕೆ ಇನ್ನೊಂದು ಮಗುವನ್ನು ಒಂದು ವಾರದ ಮಟ್ಟಿಗೆ ತರಲು ಸಾಧ್ಯವಾ? ಇಲ್ಲ. ಶಾಲೆಯ ಬಸ್ಸಿಗೆ, ಟ್ಯೂಷನ್‌ಗೆ ಮಗು ನಾಲ್ಕು ದಿನ ಹೋಗದಿದ್ದರೆ ಯಾರೂ ಫೀಸು ಕಟ್ ಮಾಡಿ ಅಂತ ಕೇಳುವುದಿಲ್ಲ. ನಮ್ಮ ಹತ್ತಿರ ಮಾತ್ರ ಕೇಳುತ್ತಾರೆ, ಯಾಕೆಂದರೆ ನಾವು ಮೊದಲ ದಿನ ಹೇಳಿರುವುದಿಲ್ಲ.

ಹಾಗಾಗಿ ಮನೆಯವರು ಮಗುವನ್ನು ಕಳಿಸದ ದಿನಕ್ಕೆ ಫೀಸು ಕಟ್ ಇಲ್ಲ. ನಾವು ಬಾಗಿಲು ಮುಚ್ಚಿದ ದಿನಕ್ಕೆ ಮನೆಯವರಿಂದ ದುಡ್ಡು ಇಲ್ಲ. ಈ ಎರಡನ್ನು ಬೇರೆ ಬೇರೆಯಾಗಿ ಹಿಡಿದರೆ ಮುಂದಿನದು ಸುಲಭ.

ಎರಡು ಕ್ಯಾಲೆಂಡರ್ ತನ್ನಿ

ಡಿಸೆಂಬರಿನಲ್ಲೇ ಕೂತು ಇದನ್ನು ಮಾಡಿ. ಮಲಯಾಳದ ಕ್ಯಾಲೆಂಡರ್ ಒಂದು, ಮಂಗಳೂರು ಕಡೆಯ ಕನ್ನಡ ಕ್ಯಾಲೆಂಡರ್ ಒಂದು. ಎರಡೂ ಬೇಕು. ಯಾಕೆಂದರೆ ನಮ್ಮದು ಕೇರಳ, ಕರ್ನಾಟಕದ ಗಡಿ. ಮನೆ ಮಂಜೇಶ್ವರ, ಕುಂಬಳೆ, ಪೆರ್ಲದಲ್ಲಿ, ಕೆಲಸ ಮಂಗಳೂರಿನಲ್ಲಿ ಅನ್ನುವವರು ಎಷ್ಟೋ ಜನ. ದಿನಾ ತಲಪಾಡಿ ಗಡಿ ದಾಟಿ ಹೋಗುವ ಅಮ್ಮನಿಗೆ ಓಣದ ದಿನ ರಜೆ ಇಲ್ಲ. ಅವಳಿಗೆ ರಜೆ ಯುಗಾದಿಗೆ, ನವೆಂಬರ್ 1ಕ್ಕೆ. ನವೆಂಬರ್ 1 ಎರಡು ರಾಜ್ಯಕ್ಕೂ ಹುಟ್ಟಿದ ದಿನ, ಎರಡೂ 1956ರಲ್ಲಿ ಆದದ್ದು. ಆಚೆ ಕಡೆ ಕರ್ನಾಟಕದಲ್ಲಿ ಸರ್ಕಾರಿ ರಜೆ, ಈಚೆ ಕಡೆ ಕೇರಳದಲ್ಲಿ ಇಲ್ಲ. ಬ್ಯಾಂಕಿನವರಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಕೇರಳದ ಶಾಲೆಯ ಟೀಚರಿಗೆ ಓಣಕ್ಕೆ ಹತ್ತು ದಿನ, ಕ್ರಿಸ್ಮಸ್‌ಗೆ ಹತ್ತು ದಿನದ ಲೆಕ್ಕ. ಆಚೆ ಕಡೆಯ ಶಾಲೆಯ ಟೀಚರಿಗೆ ದಸರಾ ರಜೆ. ನರ್ಸಿಗೆ ಯಾವ ಹಬ್ಬವೂ ಇಲ್ಲ.

ಎಲ್ಲರ ರಜೆಯನ್ನೂ ನಾವು ಕೊಡುತ್ತಾ ಹೋದರೆ ವರ್ಷವೇ ಉಳಿಯುವುದಿಲ್ಲ. ಎಲ್ಲರ ಕೆಲಸದ ದಿನಕ್ಕೂ ಬಾಗಿಲು ತೆಗೆದರೆ ನಮಗೆ ಒಂದು ಹಬ್ಬವೂ ಸಿಗುವುದಿಲ್ಲ. ಆದ್ದರಿಂದ ಪಟ್ಟಿ ನಿಮ್ಮದೇ ಇರಲಿ. ಕೇರಳ ಸರ್ಕಾರದ ಪಟ್ಟಿಯೂ ಬೇಡ, ಕರ್ನಾಟಕದ್ದೂ ಬೇಡ. ನನ್ನ ಪಟ್ಟಿ ಹೀಗಿದೆ: ಓಣಕ್ಕೆ 3 ದಿನ, ವಿಷುವಿಗೆ 1, ಚೌತಿಗೆ 1, ದೀಪಾವಳಿಗೆ 1, ಎರಡು ಈದ್‌ಗೆ 2, ಕ್ರಿಸ್ಮಸ್‌ಗೆ 1, ನಮ್ಮ ಊರಿನ ಜಾತ್ರೆಗೆ 2, ಜನವರಿ 26 ಮತ್ತು ಆಗಸ್ಟ್ 15ಕ್ಕೆ 2. ಒಟ್ಟು 13. ಈದ್ ಚಂದ್ರ ಕಂಡ ಮೇಲೆ ನಿಶ್ಚಯ, ಹಾಗಾಗಿ ಅದರ ಮುಂದೆ "ಒಂದು ದಿನ ಹಿಂದೆ ಮುಂದೆ ಆಗಬಹುದು" ಅಂತ ಬರೆದಿಡಿ. ಕೆಲವು ಹಬ್ಬ ಭಾನುವಾರವೇ ಬೀಳುತ್ತವೆ, ಆ ವರ್ಷ ಲೆಕ್ಕ ಸ್ವಲ್ಪ ಇಳಿಯುತ್ತದೆ.

ಈಗ ಲೆಕ್ಕ

ಪೆನ್ನು ತೆಗೆದುಕೊಳ್ಳಿ. ವರ್ಷಕ್ಕೆ 365 ದಿನ. ಭಾನುವಾರ 52 ಕಳೆದರೆ 313. ಹಬ್ಬದ 13 ಕಳೆದರೆ 300. ನಿಮ್ಮ ಸ್ವಂತ ರಜೆ ಅಂತ ಒಂದು 10 ದಿನ ತೆಗೆದಿಡಿ, ಮದುವೆ, ಗೃಹಪ್ರವೇಶ, ತವರುಮನೆ, ಎಲ್ಲ ಇದರಲ್ಲೇ. ಉಳಿದದ್ದು 290. ಹುಷಾರಿಲ್ಲದ್ದಕ್ಕೆ 5 ದಿನ. 285. ಇದು ನೀವು ನಿಜವಾಗಿ ಬಾಗಿಲು ತೆಗೆಯುವ ದಿನಗಳು.

ಒಂದು ಮಗುವಿಗೆ ದಿನಕ್ಕೆ 150 ರೂಪಾಯಿ ಅಂತ ಹಿಡಿಯೋಣ. ಇದು ಲೆಕ್ಕ ತೋರಿಸಲು ಹಿಡಿದ ಅಂಕಿ ಅಷ್ಟೇ, ನಿಮ್ಮ ಊರಿನ ದರ, ಮಗುವಿನ ವಯಸ್ಸು, ಊಟ ಯಾರದ್ದು ಅನ್ನುವುದರ ಮೇಲೆ ಅದು ಬೇರೆಯಾಗುತ್ತದೆ. 285 ದಿನಕ್ಕೆ 150ರಂತೆ ವರ್ಷಕ್ಕೆ 42,750 ರೂಪಾಯಿ. ಅದನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 3,562.50. ದುಂಡಾಗಿ 3,600 ಇಡಿ. ಜನವರಿಗೂ 3,600, ಓಣದ ತಿಂಗಳಿಗೂ 3,600, ಮೇ ತಿಂಗಳಿಗೂ 3,600.

ಇಲ್ಲಿ ಒಂದು ವಿಷಯ ತುಂಬಾ ಮುಖ್ಯ, ದಯವಿಟ್ಟು ಎರಡು ಸಲ ಓದಿ. ಈ 3,600ರಲ್ಲಿ ನಿಮ್ಮ 28 ದಿನದ ರಜೆಯ ದುಡ್ಡು ಸೇರಿಲ್ಲ. ಹಬ್ಬ, ಸ್ವಂತ ರಜೆ, ಕಾಯಿಲೆ, ಎಲ್ಲವನ್ನೂ ಮೊದಲೇ ಕಳೆದು ಉಳಿದದ್ದನ್ನು ಹನ್ನೆರಡು ತಿಂಗಳಿಗೆ ಹಂಚಿದ್ದೀರಿ. ಆದ್ದರಿಂದ ಓಣಕ್ಕೆ ಮೂರು ದಿನ ಮುಚ್ಚಿದ್ದೀರಿ ಅಂತ ಆ ತಿಂಗಳು ಮತ್ತೆ ಮೂರು ದಿನದ್ದು ಕಟ್ ಮಾಡಿದರೆ ಅದು ಎರಡು ಸಲ ಕಟ್ ಮಾಡಿದಂತೆ. ನಮ್ಮವರಲ್ಲಿ ತುಂಬಾ ಜನ ಇಲ್ಲೇ ಸೋಲುವುದು. ಮನೆಯವರು ಕೇಳುತ್ತಾರೆ, "ನೀವು ಮುಚ್ಚಿದ ದಿನ ನಾವು ರಜೆ ಹಾಕಿ ಕೂತಿದ್ದೇವೆ, ಆ ದಿನಕ್ಕೂ ನಿಮಗೆ ಕೊಡಬೇಕಾ?" ನ್ಯಾಯವಾದ ಪ್ರಶ್ನೆ. ಬೇಸರ ಮಾಡಿಕೊಳ್ಳಬೇಡಿ. ಈ ಲೆಕ್ಕದ ಹಾಳೆಯನ್ನೇ ತೋರಿಸಿ. "ಇಲ್ಲ ಅಮ್ಮಾ, ಆ ದಿನದ್ದು ನಾನು ತೆಗೆದುಕೊಳ್ಳುತ್ತಿಲ್ಲ, ನೋಡಿ, ಇಲ್ಲಿ ಮೊದಲೇ ಕಳೆದಿದ್ದೇನೆ" ಅನ್ನಿ. ನನ್ನ ಅನುಭವದಲ್ಲಿ ಹಾಳೆ ನೋಡಿದ ಮೇಲೆ ಯಾರೂ ಎರಡನೇ ಸಲ ಕೇಳಿಲ್ಲ.

ನಿಮ್ಮ 10 ದಿನದ ರಜೆಗೂ ಸಂಬಳ ಬೇಕು ಅಂತ ನಿಮಗೆ ಅನಿಸಿದರೆ ಅದೂ ತಪ್ಪಲ್ಲ. ಆಫೀಸಿನವರಿಗೆಲ್ಲ ಸಿಗುವುದಿಲ್ಲವಾ? ಆಗ 285ರ ಬದಲು 295 ದಿನಕ್ಕೆ ಲೆಕ್ಕ ಹಾಕಿ. ವರ್ಷಕ್ಕೆ 44,250, ತಿಂಗಳಿಗೆ ಸುಮಾರು 3,700 ಆಗುತ್ತದೆ. ನೂರು ರೂಪಾಯಿಯ ವ್ಯತ್ಯಾಸ. ಆದರೆ ಆಗ "ಹತ್ತು ದಿನದ ರಜೆ ಸಂಬಳದ ರಜೆ" ಅಂತ ಬಾಯಿಬಿಟ್ಟು ಹೇಳಿರಬೇಕು.

ಬಂದ ದಿನಕ್ಕೆ ಮಾತ್ರ ದುಡ್ಡು ಅನ್ನುವ ಪದ್ಧತಿಯಲ್ಲಿ ಎಷ್ಟು ಹೋಗುತ್ತದೆ ಅಂತಲೂ ನೋಡಿ. ಒಂದು ಮಗು ವರ್ಷದಲ್ಲಿ 50 ದಿನ ಬರಲಿಲ್ಲ ಅಂತ ಇಟ್ಟುಕೊಳ್ಳಿ, ಟೀಚರ್ ಮನೆಯ ಮಗುವಾದರೆ ಬೇಸಗೆ ರಜೆಯಲ್ಲೇ ಅಷ್ಟಾಗುತ್ತದೆ. 50ಕ್ಕೆ 150ರಂತೆ 7,500 ರೂಪಾಯಿ. ನಾಲ್ಕು ಮಕ್ಕಳಾದರೆ 30,000. ಸಣ್ಣ ಮೊತ್ತವಲ್ಲ. ದಿನದ ಲೆಕ್ಕವೇ ಬೇಕು ಅನ್ನುವ ಮನೆಯವರಿದ್ದರೆ ದರ ಜಾಸ್ತಿ ಹೇಳಿ, ನಾನು 200 ಹೇಳುತ್ತೇನೆ. ಜಾಗ ಕಾದಿಡುವ ಮಾತು ಕೊಡುವುದಿಲ್ಲ.

ಟೀಚರ್ ಮನೆಯ ಮಕ್ಕಳು

ನಮ್ಮ ಜಿಲ್ಲೆಯಲ್ಲಿ ಇದು ದೊಡ್ಡ ಪ್ರಶ್ನೆ. ಏಪ್ರಿಲ್, ಮೇ ಎರಡು ತಿಂಗಳು ಮಗು ಬರುವುದಿಲ್ಲ, ಆದರೆ ಜೂನಿಗೆ ಜಾಗ ಬೇಕೇ ಬೇಕು. ಪೂರ್ತಿ ಫೀಸು ಕೇಳಿದರೆ ಅವರಿಗೆ ಕಷ್ಟ, ಏನೂ ತೆಗೆದುಕೊಳ್ಳದಿದ್ದರೆ ನಮಗೆ ಕಷ್ಟ. ನಾನು ಮಧ್ಯದ ದಾರಿ ಹಿಡಿದಿದ್ದೇನೆ. ಆ ಎರಡು ತಿಂಗಳಿಗೆ ಅರ್ಧ ಫೀಸು. ಮಗುವಿನ ಊಟ, ಹಾಲು, ತಿಂಡಿಯ ಖರ್ಚು ಇಲ್ಲ ಅಂತ ಅರ್ಧ ಬಿಟ್ಟೆ, ಜಾಗ ಕಾದಿಟ್ಟದ್ದಕ್ಕೆ ಅರ್ಧ ತೆಗೆದುಕೊಂಡೆ.

ಹತ್ತು ತಿಂಗಳಿಗೆ 36,000, ಎರಡು ತಿಂಗಳಿಗೆ ಅರ್ಧದಂತೆ 3,600, ಒಟ್ಟು 39,600. ಬೇಸಗೆಯಲ್ಲಿ ಬರದ ಮಗುವಿಗೆ ದುಡ್ಡು ಕಳಿಸಲು ಕೆಲವರಿಗೆ ಮನಸ್ಸು ಬರುವುದಿಲ್ಲ, ಅದಕ್ಕೆ ಇದನ್ನೂ ಹನ್ನೆರಡಕ್ಕೆ ಹಂಚಿ ತಿಂಗಳಿಗೆ 3,300 ಅಂತ ಮಾಡಬಹುದು. ಎರಡೂ ಕಡೆಗೆ ಹಿತ.

ಆದರೆ ಹಂಚುವಾಗ ಒಂದು ಅಪಾಯ ಇದೆ. ಮಗು ಜೂನಿನಲ್ಲಿ ಸೇರಿತು, ಮಾರ್ಚ್ ಕೊನೆಗೆ ಬಿಟ್ಟಿತು. ಹತ್ತು ತಿಂಗಳಿಗೆ 3,300ರಂತೆ ನಿಮಗೆ ಬಂದದ್ದು 33,000. ನೀವು ಪೂರ್ತಿ ನೋಡಿಕೊಂಡ ಹತ್ತು ತಿಂಗಳ ಫೀಸು 36,000. ಮೂರು ಸಾವಿರ ನಿಮ್ಮ ಕೈಯಿಂದ ಹೋಯಿತು. ಉಲ್ಟಾ ಕೂಡ ಆಗುತ್ತದೆ. ಜನವರಿಯಲ್ಲಿ ಸೇರಿ ಮೇ ಕೊನೆಗೆ ಬಿಟ್ಟವರು ಐದು ತಿಂಗಳಿಗೆ 16,500 ಕೊಟ್ಟಿರುತ್ತಾರೆ, ಲೆಕ್ಕದ ಪ್ರಕಾರ ಕೊಡಬೇಕಾದದ್ದು ಮೂರು ತಿಂಗಳ 10,800 ಮತ್ತು ಎರಡು ಅರ್ಧ ತಿಂಗಳ 3,600, ಒಟ್ಟು 14,400. ಅವರಿಗೆ 2,100 ತಿರುಗಿ ಕೊಡಬೇಕು. ಕೊಟ್ಟುಬಿಡಿ. "ವರ್ಷದ ಮಧ್ಯದಲ್ಲಿ ಬಿಟ್ಟರೆ ಲೆಕ್ಕ ಚುಕ್ತಾ ಮಾಡುವುದು" ಅಂತ ಒಂದು ಸಾಲು ಕಾಗದದಲ್ಲಿ ಇರಲೇಬೇಕು.

ಗಲ್ಫಿನಿಂದ ಅಪ್ಪ ಬಂದಾಗ

ಅಪ್ಪ ವರ್ಷಕ್ಕೊಮ್ಮೆ, ಕೆಲವರು ಎರಡು ವರ್ಷಕ್ಕೊಮ್ಮೆ ಬರುವುದು. ಮಗು ಆ ತಿಂಗಳು ಅಪ್ಪನ ಜೊತೆ ಇರಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಇದಕ್ಕೆ ನಾನು ಮಾಡಿಕೊಂಡ ಕ್ರಮ: ಹದಿನೈದು ದಿನದ ಒಳಗೆ ಆದರೆ ಪೂರ್ತಿ ಫೀಸು. ಅದಕ್ಕಿಂತ ಜಾಸ್ತಿ ಆದರೆ, ಒಂದು ತಿಂಗಳು ಮೊದಲೇ ಹೇಳಿದರೆ, ಆ ಮೇಲಿನ ದಿನಗಳಿಗೆ ಅರ್ಧ. ಮೊದಲೇ ಹೇಳದೆ ಬಂದಿಳಿದ ಮೇಲೆ ಹೇಳಿದರೆ ಪೂರ್ತಿ. ಟಿಕೆಟ್ ಎಷ್ಟೋ ಮೊದಲೇ ಆಗಿರುತ್ತದಲ್ಲ, ಒಂದು ಮೆಸೇಜು ಕಳಿಸಲು ಕಷ್ಟವಿಲ್ಲ.

ಮಳೆ, ಹರತಾಳ, ಜ್ವರ

ಜೂನ್, ಜುಲೈಯಲ್ಲಿ ರಾತ್ರಿ ಸುದ್ದಿ ಬರುತ್ತದೆ, ನಾಳೆ ಜಿಲ್ಲಾಧಿಕಾರಿ ರಜೆ ಕೊಟ್ಟಿದ್ದಾರೆ, ಶಾಲೆಗೂ ಅಂಗನವಾಡಿಗೂ. ಆ ರಜೆ ನಮ್ಮ ಮನೆಗೆ ಅನ್ವಯಿಸುತ್ತದಾ ಅಂತ ಪ್ರತಿ ಸಲ ಫೋನು. ಮೊದಲೇ ಹೇಳಿ: ಬಾಗಿಲು ತೆರೆದಿರುತ್ತದೆ, ಕಳಿಸುವುದು ಬಿಡುವುದು ನಿಮ್ಮ ಇಷ್ಟ, ಫೀಸು ಕಟ್ ಇಲ್ಲ. ಆದರೆ ರೆಡ್ ಅಲರ್ಟ್ ಇದ್ದು ಹೊಳೆ ಉಕ್ಕಿ ರಸ್ತೆಗೆ ನೀರು ಬಂದರೆ ಯಾವ ಮಗುವನ್ನೂ ಕರೆಯಬೇಡಿ. ನೀವೇ ಮುಚ್ಚಿದಿರಿ ಅಂದರೆ ಅದು ನಿಮ್ಮ ಆ 5 ದಿನದಲ್ಲಿ ಸೇರಲಿ. ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಯ ಬದಿಯಲ್ಲಿ ಮನೆ ಇದ್ದವರು 5ರ ಬದಲು 8 ದಿನ ಇಟ್ಟುಕೊಳ್ಳುವುದು ಒಳ್ಳೆಯದು.

ಶಾಲೆ ಬಿಟ್ಟ ಮೇಲೆ ಸಂಜೆ ಮಾತ್ರ ಬರುವ ದೊಡ್ಡ ಮಕ್ಕಳು ಇಂಥ ದಿನ ಬೆಳಿಗ್ಗೆಯೇ ಬರುತ್ತಾರೆ. ಅವರ ಫೀಸು ಸಂಜೆಯ ಎರಡು ಮೂರು ಗಂಟೆಗೆ ಲೆಕ್ಕ ಹಾಕಿದ್ದು. ಪೂರ್ತಿ ದಿನ ಇದ್ದರೆ ದಿನಕ್ಕೆ ಇಷ್ಟು ಜಾಸ್ತಿ ಅಂತ ಹೇಳಿಡಿ. ಮಧ್ಯಾಹ್ನದ ಗಂಜಿ ಊಟ ಸೇರಿ ನಾನು 100 ತೆಗೆದುಕೊಳ್ಳುತ್ತೇನೆ.

ಹರತಾಳಕ್ಕೆ ಏಳು ದಿನದ ಮುಂಚೆ ನೋಟಿಸ್ ಕೊಡಬೇಕು ಅಂತ 2019ರ ಜನವರಿಯಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಆದರೂ ಬಸ್ಸಿಲ್ಲದ ದಿನಗಳು ಬರುತ್ತವೆ. ಕ್ರಮ ಮಳೆಯದ್ದೇ. ನಾನು ಮನೆಯಲ್ಲೇ ಇರುತ್ತೇನೆ, ಬಂದವರನ್ನು ನೋಡಿಕೊಳ್ಳುತ್ತೇನೆ.

ಜ್ವರದ ವಿಷಯದಲ್ಲಿ ಮಾತ್ರ ಗಟ್ಟಿ ಇರಿ. ಚಿಕನ್‌ಪಾಕ್ಸ್ ಆದ ಮಗು ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ ಬರಬಾರದು. ಕೈ ಕಾಲು ಬಾಯಿಯಲ್ಲಿ ಗುಳ್ಳೆ ಏಳುವ ಜ್ವರ ಬಂದರೂ ಡಾಕ್ಟರು ಹೇಳುವವರೆಗೆ ಬೇಡ. ಇಲ್ಲಿ ಫೀಸು ಕಟ್ ಮಾಡಬಾರದು ಅನ್ನಲು ನನಗೆ ಇನ್ನೊಂದು ಕಾರಣ ಇದೆ. ನೀವು ಕಟ್ ಮಾಡಿದರೆ, ಮಗುವನ್ನು ದೂರ ಇಡಿ ಅಂತ ಹೇಳುವಾಗಲೆಲ್ಲ ನಿಮಗೇ ನಷ್ಟ. ನಷ್ಟದ ಹೆದರಿಕೆಯಲ್ಲಿ ಒಂದು ದಿನ "ಪರವಾಗಿಲ್ಲ, ಕಳಿಸಿ" ಅಂದುಬಿಡುತ್ತೀರಿ, ಉಳಿದ ಮೂರು ಮಕ್ಕಳಿಗೂ ಬರುತ್ತದೆ, ಹಾಗಾಗಿ ದುಡ್ಡಿನ ಮಾತು ಆ ನಿರ್ಧಾರದ ಹತ್ತಿರವೇ ಬರಬಾರದು. ಮಗು ಆಸ್ಪತ್ರೆಯಲ್ಲಿದ್ದರೆ, ಹದಿನೈದು ದಿನಕ್ಕಿಂತ ಜಾಸ್ತಿ ಆದರೆ, ನಾನು ಅರ್ಧ ಬಿಡುತ್ತೇನೆ. ಅದು ನನ್ನ ಮನಸ್ಸಿಗೆ.

ನಮಗೇ ಹುಷಾರಿಲ್ಲದಿದ್ದರೆ? ಮೊದಲ 5 ದಿನ ಲೆಕ್ಕದಲ್ಲೇ ಇದೆ. ಆರನೇ ದಿನದಿಂದ ದಿನಕ್ಕೆ 150ರಂತೆ ಪ್ರತಿ ಮನೆಯವರಿಗೂ ಕಟ್ ಮಾಡಿ, ಅವರು ಕೇಳುವ ಮೊದಲೇ. ಒಂದು ವರ್ಷ ನನ್ನ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಒಂಬತ್ತು ದಿನ ಮುಚ್ಚಬೇಕಾಯಿತು. ನಾಲ್ಕು ದಿನದ 600 ರೂಪಾಯಿ ಕಳೆದು ಮೆಸೇಜು ಮಾಡಿದೆ. ಆಮೇಲೆ ಜೂನಿನಲ್ಲಿ ಫೀಸು ಏರಿಸಿದಾಗ ಒಬ್ಬರೂ ಮಾತಾಡಲಿಲ್ಲ.

ದೊಡ್ಡ ಮುಚ್ಚುಗಡೆಯನ್ನೂ ಮರೆಯಬೇಡಿ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಯಾರ ಹತ್ತಿರವೂ ಇದಕ್ಕೆ ಉತ್ತರ ಇರಲಿಲ್ಲ. ಈಗ ನನ್ನ ಕಾಗದದಲ್ಲಿ ಇದೆ: ಸರ್ಕಾರವೇ ಮುಚ್ಚಿಸಿದರೆ ಮೊದಲ ತಿಂಗಳು ಅರ್ಧ ಫೀಸು, ಆಮೇಲೆ ಫೀಸು ಇಲ್ಲ, ಜಾಗದ ಮಾತೂ ಇಲ್ಲ.

ಹಬ್ಬದ ದಿನ ಕೆಲಸ ಇರುವವರಿಗೆ

ನರ್ಸು, ಮಂಗಳೂರಿನಲ್ಲಿ ಕೆಲಸ ಮಾಡುವವರು, ಇವರು ಓಣದ ದಿನವೂ ಕೇಳುತ್ತಾರೆ. ಆಗುವುದಿಲ್ಲ ಅನ್ನುವ ಹಕ್ಕು ನಿಮಗಿದೆ. ಆಗುತ್ತದೆ ಅಂದರೆ ಆ ದಿನಕ್ಕೆ ಬೇರೆ ಫೀಸು, ಎರಡು ಪಟ್ಟು, ಅಂದರೆ 300. ಇದು ತಿಂಗಳ ಫೀಸಿನ ಮೇಲೆ. ತಿರುವೋಣ, ಅಂದರೆ ಓಣದ ಮುಖ್ಯ ದಿನ, ನಾನು ಯಾರಿಗೂ ಒಪ್ಪುವುದಿಲ್ಲ, ಉಳಿದ ಎರಡು ದಿನ ವಾರದ ಮೊದಲೇ ಹೇಳಿದರೆ ಒಪ್ಪುತ್ತೇನೆ. ಇನ್ನೊಂದು ಮಾತು. ಓಣಕ್ಕೆ ಸೀರೆ, ವಿಷುವಿಗೆ ಕೈನೀಟ (ಹಬ್ಬದ ಕೈಕಾಸು) ಅಂತ ಮನೆಯವರು ಪ್ರೀತಿಯಿಂದ ಕೊಡುತ್ತಾರೆ. ಪ್ರೀತಿಯಿಂದಲೇ ತೆಗೆದುಕೊಳ್ಳಿ. ಅದನ್ನು ಫೀಸಿನ ಲೆಕ್ಕಕ್ಕೆ ಸೇರಿಸಬೇಡಿ, ಸೇರಿಸಲು ಬಿಡಲೂ ಬೇಡಿ.

ತಿಂಗಳುಗಳ ಮೊದಲೇ ಜಾಗ ಕೇಳುವವರು

2017ರಿಂದ ಹೆರಿಗೆ ರಜೆ 26 ವಾರ ಆದ ಮೇಲೆ ಆರು ತಿಂಗಳ ಕೂಸುಗಳು ಜಾಸ್ತಿ ಬರುತ್ತಿವೆ. ಅಮ್ಮಂದಿರು ಎರಡು ಮೂರು ತಿಂಗಳ ಮೊದಲೇ ಬಂದು ಹೇಳಿಡುತ್ತಾರೆ. ಒಂದು ತಿಂಗಳವರೆಗೆ ಸುಮ್ನೆ ಕಾದಿಡಿ. ಅದಕ್ಕಿಂತ ಮೇಲೆ ಆದರೆ ತಿಂಗಳಿಗೆ ಅರ್ಧ ಫೀಸು.

ಕಾಗದ

ಬಾಯಿಮಾತು ಸಾಕಾಗುವುದಿಲ್ಲ. ಒಂದು ಪುಟ ಸಾಕು, ಕನ್ನಡದಲ್ಲಿ ಬರೆಯಿರಿ. ಮಲಯಾಳ ಮಾತ್ರ ಓದುವ ಮನೆಯವರಿಗೆ ಮಲಯಾಳದಲ್ಲೂ ಒಂದು ಮಾಡಿಸಿ. ಎರಡು ಪ್ರತಿ, ಎರಡಕ್ಕೂ ಇಬ್ಬರ ಸಹಿ. ನನ್ನದು ಹೀಗಿದೆ, ಬೇಕಾದರೆ ಬರೆದುಕೊಳ್ಳಿ:

"ತಿಂಗಳ ಫೀಸು 3,600. ಪ್ರತಿ ತಿಂಗಳು 5ನೇ ತಾರೀಕಿನ ಒಳಗೆ, ಮುಂಗಡ. ವರ್ಷದ 13 ಹಬ್ಬದ ದಿನ, ನನ್ನ 10 ದಿನದ ರಜೆ, 5 ದಿನದ ಕಾಯಿಲೆ ರಜೆ ಈ ಫೀಸಿನಲ್ಲಿ ಮೊದಲೇ ಕಳೆದಿದೆ, ಆ ದಿನಗಳಿಗೆ ಮತ್ತೆ ಕಡಿತ ಇಲ್ಲ. ಅದಕ್ಕಿಂತ ಜಾಸ್ತಿ ನಾನು ಮುಚ್ಚಿದರೆ ದಿನಕ್ಕೆ 150 ಕಡಿತ. ಮಗು ಬರದ ದಿನಕ್ಕೆ ಕಡಿತ ಇಲ್ಲ. ಮೊದಲೇ ಹೇಳಿದ ದೀರ್ಘ ರಜೆಗೆ 15 ದಿನದ ನಂತರ ಅರ್ಧ. ನನ್ನ ರಜೆಯನ್ನು ಒಂದು ತಿಂಗಳು ಮೊದಲು ತಿಳಿಸುತ್ತೇನೆ. ಮಗುವನ್ನು ಬಿಡಿಸುವುದಾದರೆ ಒಂದು ತಿಂಗಳು ಮೊದಲು ತಿಳಿಸಬೇಕು, ಇಲ್ಲವಾದರೆ ಒಂದು ತಿಂಗಳ ಫೀಸು. ಏಪ್ರಿಲಿನಿಂದ ಬಿಡುವವರು ಮಾರ್ಚ್ 1ರ ಒಳಗೆ ತಿಳಿಸಬೇಕು. ವರ್ಷದ ಮಧ್ಯದಲ್ಲಿ ಬಿಟ್ಟರೆ ಲೆಕ್ಕ ಚುಕ್ತಾ."

ಮಾರ್ಚ್ 1ರ ಸಾಲು ಯಾಕೆ ಅಂದರೆ, ಏಪ್ರಿಲ್ 2ಕ್ಕೆ ಫೋನು ಮಾಡಿ ಇನ್ನು ಬರುವುದಿಲ್ಲ ಅನ್ನುವವರಿದ್ದಾರೆ, ಮತ್ತೆ ಜೂನ್ 1ಕ್ಕೆ ಜಾಗ ಕೇಳಿಕೊಂಡು ಬರುತ್ತಾರೆ. ಬರಲಿ, ಹೊಸದಾಗಿ ಸೇರಿದಂತೆ, ಜಾಗ ಇದ್ದರೆ.

ಈಗಾಗಲೇ ಕಾಗದ ಇಲ್ಲದೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರೆ

ನಾಳೆಯೇ ಬದಲಾಯಿಸಬೇಡಿ. ಜೂನಿನಿಂದ ಅಂತ ಹೇಳಿ, ಫೆಬ್ರವರಿಯಲ್ಲೇ ಹೇಳಿ. ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ಬಸ್ಸಿಗೆ ಓಡುವ ಅಮ್ಮನ ಹತ್ತಿರ ದುಡ್ಡಿನ ಮಾತು ತೆಗೆಯಬೇಡಿ. ಭಾನುವಾರ ಬರಹೇಳಿ, ಚಾ ಕೊಟ್ಟು, ಹಾಳೆ ಮುಂದಿಟ್ಟು ಮಾತಾಡಿ. ಬರಲಾಗದವರಿಗೆ ವಾಟ್ಸಾಪ್‌ನಲ್ಲಿ ಇಷ್ಟು ಸಾಕು:

"ನಮಸ್ಕಾರ. ಜೂನಿನಿಂದ ಫೀಸು ತಿಂಗಳಿಗೆ 3,600, ಹನ್ನೆರಡು ತಿಂಗಳೂ ಒಂದೇ. ವರ್ಷದ ರಜೆಯ ಪಟ್ಟಿ ಮತ್ತು ಲೆಕ್ಕ ಕೆಳಗೆ ಕಳಿಸಿದ್ದೇನೆ. ಓದಿ ನೋಡಿ, ಏನಾದರೂ ಕೇಳುವುದಿದ್ದರೆ ಭಾನುವಾರ ಫೋನು ಮಾಡಿ. ಮಾರ್ಚ್ 1ರ ಒಳಗೆ ಜಾಗ ಬೇಕಾ ಅಂತ ತಿಳಿಸಿ. ಪಾಪು ಇವತ್ತು ಎರಡು ತುತ್ತು ಜಾಸ್ತಿ ಉಂಡಿದ್ದಾಳೆ."